ನಾಣ್ಯ ಕುಸಿದರೆ ರಫ್ತುದಾರನಿಗೆ ಉಳಿಯುವುದೆಷ್ಟು? – ಲೆಬನಾನಿನ ಆಹಾರ ತಯಾರಕರ ಲೆಕ್ಕ

ಕೆಲವು ವಾರಗಳ ಹಿಂದೆ ನಮ್ಮ ಮಂಡಳಿಯ ಸಭಾಂಗಣದಲ್ಲಿ ರಫ್ತು ವ್ಯವಹಾರವನ್ನು ಕುರಿತ ಕಾರ್ಯಾಗಾರವೊಂದು ನಡೆಯಿತು. ಚಹಾ ವಿರಾಮದ ವೇಳೆ, ಉಪ್ಪಿನಕಾಯಿ ಮತ್ತು ಮಸಾಲೆ ಪುಡಿಗಳನ್ನು ತಯಾರಿಸುವ ಹಿರಿಯ ಸದಸ್ಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು: “ಸಾರ್, ರೂಪಾಯಿ ಬೆಲೆ ಇಳಿದಷ್ಟೂ ಹೊರದೇಶಕ್ಕೆ ಮಾಲು ಕಳಿಸುವವನಿಗೆ ಕೂತಲ್ಲೇ ಲಾಭ ಅಂತಾರಲ್ಲ, ನಾನೂ ಯಾಕೆ ಶುರು ಮಾಡಬಾರದು?”

ಲೆಕ್ಕಪರಿಶೋಧಕನಾಗಿ ಸುಮಾರು ಮೂರು ದಶಕ ಕಳೆದಿರುವ ನನಗೆ ಈ ಪ್ರಶ್ನೆ ಹೊಸದಲ್ಲ. ರೂಪಾಯಿ ಇಳಿದಾಗಲೆಲ್ಲ ಯಾರಾದರೊಬ್ಬರು ಕೇಳುತ್ತಾರೆ. ಆದರೆ ನಮ್ಮ ರೂಪಾಯಿ ವರ್ಷಕ್ಕೆ ನೂರಕ್ಕೆ ಮೂರೋ ಐದೋ ಇಳಿಯುವಂಥದು. ಅಷ್ಟು ಸಣ್ಣ ಇಳಿತದ ಪರಿಣಾಮವು ಸಾಗಣೆ ದರ, ಎಣ್ಣೆಯ ಬೆಲೆ, ಕೂಲಿಯ ಏರಿಕೆ ಇವುಗಳ ನಡುವೆ ಕರಗಿ ಕಾಣದಂತಾಗುತ್ತದೆ. ಉತ್ತರ ಸ್ಪಷ್ಟವಾಗಿ ಕಾಣಬೇಕಾದರೆ, ನಾಣ್ಯವು ಪೂರ್ತಿಯಾಗಿ ಕುಸಿದುಬಿದ್ದ ದೇಶವೊಂದರ ತಯಾರಕರನ್ನು ನೋಡಬೇಕು. ಈ ದೃಷ್ಟಿಯಿಂದ ಲೆಬನಾನಿನ ಆಹಾರ ಮತ್ತು ಪಾನೀಯ ರಫ್ತುದಾರರ ಅನುಭವವನ್ನು ಸದಸ್ಯರ ಮುಂದಿಡುವುದು ಸೂಕ್ತವೆಂದು ಭಾವಿಸಿದ್ದೇನೆ.

ಲೆಬನಾನ್ ಪುಟ್ಟ ದೇಶ. ಅದರ ವಿಸ್ತೀರ್ಣ 10,452 ಚದರ ಕಿಲೋಮೀಟರು, ಅಂದರೆ ಹೆಚ್ಚುಕಡಿಮೆ ನಮ್ಮ ವಿಜಯಪುರ ಜಿಲ್ಲೆಯಷ್ಟು. ಎರಡು ಪರ್ವತಶ್ರೇಣಿಗಳ ನಡುವಿನ ಬೆಕಾ ಕಣಿವೆಯಲ್ಲಿ, ವಿಜಯಪುರದಂತೆಯೇ, ದ್ರಾಕ್ಷಿ ಬೆಳೆಯುತ್ತದೆ. ಅಲ್ಲಿಂದ ಹೊರದೇಶಗಳಿಗೆ ಹೋಗುವ ಪದಾರ್ಥಗಳು ಅನೇಕ: ಕಾಬೂಲಿ ಕಡಲೆಯನ್ನು ಬೇಯಿಸಿ ಅರೆದು ಮಾಡಿದ ಹಮ್ಮಸ್, ಎಳ್ಳನ್ನು ನುಣ್ಣಗೆ ಅರೆದ ತಹೀನಿ, ದಾಳಿಂಬೆ ರಸದ ಗಟ್ಟಿ ಪಾಕ, ಪನ್ನೀರು, ಕಿತ್ತಳೆ ಹೂವಿನ ನೀರು, ಆಲಿವ್ ಎಣ್ಣೆ, ಉಪ್ಪಿನಲ್ಲಿ ಹಾಕಿದ ತರಕಾರಿ, ಸೋಂಪಿನ ಪರಿಮಳದ ಅರಕ್, ದ್ರಾಕ್ಷಾರಸ. ಬ್ರೆಜಿಲ್, ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ಪಶ್ಚಿಮ ಆಫ್ರಿಕಾಗಳಲ್ಲಿ ಹಲವು ತಲೆಮಾರುಗಳಿಂದ ನೆಲೆಸಿರುವ ಲೆಬನಾನ್ ಮೂಲದವರೇ ಈ ಸರಕಿನ ಮೊದಲ ಗಿರಾಕಿಗಳು. ಕೊಲ್ಲಿ ರಾಷ್ಟ್ರಗಳಲ್ಲಿರುವ ನಮ್ಮವರು ತೊಕ್ಕು, ಚಟ್ನಿಪುಡಿಗಳನ್ನು ಹುಡುಕುವ ಬಗೆಗೂ ಇದಕ್ಕೂ ಹೆಚ್ಚಿನ ಅಂತರವಿಲ್ಲ.

ಈ ದೇಶದ ನಾಣ್ಯವಾದ ಪೌಂಡ್ 1997ರಿಂದ ಎರಡು ದಶಕಗಳಿಗೂ ಹೆಚ್ಚು ಕಾಲ ಒಂದು ಡಾಲರಿಗೆ 1,507.5ರ ದರದಲ್ಲಿ ಸ್ಥಿರವಾಗಿತ್ತು. ವರ್ತಕರು ಡಾಲರನ್ನೂ ಪೌಂಡನ್ನೂ ಒಂದೇ ಗಲ್ಲಾಪೆಟ್ಟಿಗೆಯಲ್ಲಿಟ್ಟು ವ್ಯವಹರಿಸುತ್ತಿದ್ದರು. 2019ರ ಅಕ್ಟೋಬರಿನಲ್ಲಿ ಬ್ಯಾಂಕುಗಳು ಬಾಗಿಲು ಮುಚ್ಚಿದವು. ಮತ್ತೆ ತೆರೆದಾಗ ಠೇವಣಿದಾರರಿಗೆ ಡಾಲರು ಕೊಡುವುದನ್ನು ತಾವಾಗಿಯೇ ಮಿತಿಗೊಳಿಸಿದವು. 2020ರ ಮಾರ್ಚಿಯಲ್ಲಿ ಸರ್ಕಾರವು 120 ಕೋಟಿ ಡಾಲರುಗಳ ವಿದೇಶಿ ಬಾಂಡುಗಳ ಮರುಪಾವತಿಯಲ್ಲಿ ತಪ್ಪಿತು. ಒಂದು ವರ್ಷದ ನಂತರ, 2021ರ ಮಾರ್ಚಿಯಲ್ಲಿ, ಕಾಳಸಂತೆಯ ದರ 15,000 ಮುಟ್ಟಿತು. 2023ರ ಫೆಬ್ರವರಿಯಲ್ಲಿ ಅಧಿಕೃತ ದರವನ್ನೇ 15,000ಕ್ಕೆ ಇಳಿಸಲಾಯಿತು. ಮುಂದೆ ಅದು 89,500ಕ್ಕೆ ಬಂದು ನಿಂತಿತು. ಪೌಂಡಿನ ಮೌಲ್ಯ ಸುಮಾರು ಅರವತ್ತರಲ್ಲಿ ಒಂದು ಪಾಲಿಗೆ ಇಳಿದಂತಾಯಿತು.

ನಮ್ಮ ಸದಸ್ಯರ ತರ್ಕದ ಪ್ರಕಾರ ಅಲ್ಲಿನ ರಫ್ತುದಾರರೆಲ್ಲ ಕುಬೇರರಾಗಬೇಕಿತ್ತು. ಏಕೆ ಆಗಲಿಲ್ಲವೆಂಬುದನ್ನು ಒಂದು ಕಲ್ಪಿತ ಲೆಕ್ಕದ ಮೂಲಕ ನೋಡೋಣ. ಅಂಕಿಗಳು ನನ್ನವು, ತಿಳಿವಳಿಕೆಗಾಗಿ ಮಾತ್ರ.

ಒಂದು ಜಾಡಿ ತಹೀನಿಯನ್ನು ತಯಾರಕನು 2 ಡಾಲರಿಗೆ ಮಾರುತ್ತಾನೆಂದು ಭಾವಿಸೋಣ. ಎಳ್ಳು, ಗಾಜಿನ ಜಾಡಿ, ಮುಚ್ಚಳ, ಲೇಬಲಿನ ಕಾಗದ, ಹಡಗಿನ ಬಾಡಿಗೆ ಇವೆಲ್ಲ ಡಾಲರಿನಲ್ಲಿ ಕೊಳ್ಳುವಂಥವು. ಇವುಗಳ ಒಟ್ಟು ವೆಚ್ಚ 1 ಡಾಲರು 20 ಸೆಂಟು. ಕೂಲಿ, ಬಾಡಿಗೆ, ನೀರು ಮುಂತಾದ ಸ್ಥಳೀಯ ಖರ್ಚು 750 ಪೌಂಡು, ಅಂದರೆ ಹಳೆಯ ದರದಲ್ಲಿ 50 ಸೆಂಟು. ಜಾಡಿಯೊಂದಕ್ಕೆ 30 ಸೆಂಟು ಉಳಿಯಿತು. ಈಗ ಪೌಂಡು ಹತ್ತನೆಯ ಒಂದು ಪಾಲಿಗೆ ಇಳಿಯಿತು ಎನ್ನಿ. ಅದೇ 750 ಪೌಂಡು ಈಗ ಬರೀ 5 ಸೆಂಟು. ಲಾಭ 30 ಸೆಂಟಿನಿಂದ 75 ಸೆಂಟಿಗೆ ಏರಿದಂತೆ ಕಾಣುತ್ತದೆ. ಬಹುಮಂದಿ ಲೆಕ್ಕವನ್ನು ಇಲ್ಲಿಗೇ ನಿಲ್ಲಿಸುತ್ತಾರೆ.

ಆದರೆ ವ್ಯವಹಾರ ಇಲ್ಲಿಗೆ ನಿಲ್ಲುವುದಿಲ್ಲ. ಹೊರದೇಶದ ಖರೀದಿದಾರನೂ ಪತ್ರಿಕೆ ಓದುತ್ತಾನೆ. “ನಿಮ್ಮ ನಾಣ್ಯ ಇಳಿದಿದೆ, ದರ ಇಳಿಸಿ” ಎನ್ನುತ್ತಾನೆ. ನೂರಕ್ಕೆ ಹತ್ತು ಬಿಟ್ಟರೆ ಬೆಲೆ 1 ಡಾಲರು 80 ಸೆಂಟು. ಎಳ್ಳು ಮಾರುವವನು ಉದ್ದರಿ ನಿಲ್ಲಿಸಿ ಮುಂಗಡ ಹಣ ಕೇಳುತ್ತಾನೆ. ಸಣ್ಣ ಸಣ್ಣ ಪ್ರಮಾಣದಲ್ಲಿ ಕೊಳ್ಳಬೇಕಾಗಿ ಹೊರಗಿನ ವೆಚ್ಚ 1 ಡಾಲರು 30 ಸೆಂಟಿಗೆ ಏರುತ್ತದೆ. ಕೆಲಸಗಾರನು 750 ಪೌಂಡಿನ ಕಾಲದ ಕೂಲಿಯಲ್ಲಿ ಬದುಕಲಾರ. ಸ್ಥಳೀಯ ಖರ್ಚು 20 ಸೆಂಟಾಗುತ್ತದೆ. ಸರ್ಕಾರದ ವಿದ್ಯುತ್ತು ದಿನಕ್ಕೆ ಒಂದೆರಡು ಗಂಟೆಗೆ ಇಳಿದು, 2021ರಲ್ಲಿ ಇಂಧನದ ಸಹಾಯಧನವೂ ತೆಗೆಯಲ್ಪಟ್ಟಾಗ, ಕಾರ್ಖಾನೆಗಳು ಡೀಸೆಲ್ ಜನರೇಟರುಗಳನ್ನೇ ನೆಚ್ಚಬೇಕಾಯಿತು. ಅದಕ್ಕೆ ಜಾಡಿಯೊಂದಕ್ಕೆ 10 ಸೆಂಟು ಸೇರಿಸೋಣ. ಒಟ್ಟು ವೆಚ್ಚ 1 ಡಾಲರು 60 ಸೆಂಟು. ಉಳಿದದ್ದು 20 ಸೆಂಟು. ನಾಣ್ಯ ಕುಸಿಯುವುದಕ್ಕೆ ಮೊದಲು ಉಳಿಯುತ್ತಿದ್ದುದು 30 ಎಂಬುದನ್ನು ಓದುಗರು ಗಮನಿಸಬೇಕು.

ಎಲ್ಲರ ಲೆಕ್ಕವೂ ಹೀಗೆಯೇ ಆಗುತ್ತದೆಂದು ನನ್ನ ವಾದವಲ್ಲ. ತನ್ನದೇ ತೋಟದ ದ್ರಾಕ್ಷಿಯಿಂದ, ಆಲಿವ್‌ನಿಂದ, ಗುಲಾಬಿಯಿಂದ ಸರಕು ಮಾಡುವವನ ಸ್ಥಳೀಯ ವೆಚ್ಚದ ಪಾಲು ದೊಡ್ಡದು. ಆತನಿಗೆ ನಿಜವಾಗಿಯೂ ಒಂದಿಷ್ಟು ಅನುಕೂಲವಾಯಿತು. ಹೊರಗಿನಿಂದ ಎಳ್ಳು, ಕಡಲೆ ತರಿಸಿ ಸಂಸ್ಕರಿಸುವವನಿಗೆ ಆಗಲಿಲ್ಲ. ಇಬ್ಬರೂ ರಫ್ತುದಾರರೇ, ಇಬ್ಬರ ನಾಣ್ಯವೂ ಒಂದೇ.

ದ್ರಾಕ್ಷಾರಸದವರ ಪಾಡು ಕೂಡ ಪೂರ್ತಿ ಸ್ಥಳೀಯವೇನಲ್ಲ. ಬಾಟಲಿಯ ಸಂಗತಿಯೇ ಇದಕ್ಕೆ ಸಾಕ್ಷಿ. ಬೆಕಾ ಕಣಿವೆಯ ತಾನಾಯಿಲ್ ಎಂಬಲ್ಲಿ ಮಾಲಿಬಾನ್ ಎಂಬ ದೊಡ್ಡ ಗಾಜಿನ ಕಾರ್ಖಾನೆಯಿತ್ತು. ಉಗಾಂಡದಲ್ಲಿ ನೆಲೆಸಿದ ಭಾರತೀಯ ಮೂಲದ ಮಾಧ್ವಾನಿ ಸಮೂಹಕ್ಕೆ ಸೇರಿದ್ದ ಈ ಕಾರ್ಖಾನೆ 2006ರ ಜುಲೈ ಯುದ್ಧದಲ್ಲಿ ಇಸ್ರೇಲಿನ ವಿಮಾನದಾಳಿಗೆ ತುತ್ತಾಗಿ ನೆಲಸಮವಾಯಿತು. ಹತ್ತಾರು ಮೈಲಿಯೊಳಗೆ ದೊರೆಯುತ್ತಿದ್ದ ಬಾಟಲಿಯನ್ನು ಆಮೇಲೆ ಸಮುದ್ರದಾಚೆಯಿಂದ ತರಿಸಬೇಕಾಯಿತು. ದ್ರಾಕ್ಷಿ ನಮ್ಮದೇ ಆದರೂ ಬಾಟಲಿ, ಬಿರಡೆ, ಪೆಟ್ಟಿಗೆಗಳು ಡಾಲರಿನವಾದರೆ ಲೆಕ್ಕ ಬೇರೆಯಾಗುತ್ತದೆ.

ಇನ್ನು ಬ್ಯಾಂಕಿನ ವಿಚಾರ. ಲೆಕ್ಕಪರಿಶೋಧಕನಿಗೆ ಅತ್ಯಂತ ಕಳವಳ ತರುವ ಭಾಗ ಇದೇ. ಅಢಾವೆ ಪತ್ರಿಕೆಯಲ್ಲಿ ‘ಬ್ಯಾಂಕಿನಲ್ಲಿರುವ ನಗದು’ ಎಂಬ ಬಾಬನ್ನು ನಾವು ಬ್ಯಾಂಕಿನ ದೃಢೀಕರಣ ಪತ್ರವೊಂದನ್ನು ನೋಡಿ ತೃಪ್ತರಾಗಿ ದಾಟಿಬಿಡುತ್ತೇವೆ. ಲೆಬನಾನಿನಲ್ಲಿ 2019ರ ಅಕ್ಟೋಬರಿಗೆ ಮೊದಲು ಖಾತೆಯಲ್ಲಿದ್ದ ಡಾಲರು ಕಾಗದದ ಮೇಲೆ ಡಾಲರಾಗಿಯೇ ಉಳಿಯಿತು. ತೆಗೆಯಲು ಹೋದರೆ ಮಾತ್ರ ಪೌಂಡಿನಲ್ಲಿ, ಅದೂ ಕೇಂದ್ರ ಬ್ಯಾಂಕು ಗೊತ್ತುಪಡಿಸಿದ ದರದಲ್ಲಿ ಸಿಗುತ್ತಿತ್ತು. ದೀರ್ಘಕಾಲ ಆ ದರ 3,900 ಆಗಿದ್ದು, ಪೇಟೆಯ ದರ ಅದರ ಹಲವು ಪಟ್ಟು ಏರಿತ್ತು. ಜನ ಇದಕ್ಕೆ ‘ಲಾಲರ್’ ಎಂದು ಹಾಸ್ಯದ ಹೆಸರನ್ನಿಟ್ಟರು: ಲೆಬನಾನಿನ ಡಾಲರು. ಹೊರದೇಶದಿಂದ ಹೊಸದಾಗಿ ಬಂದ ಹಣಕ್ಕೆ ‘ತಾಜಾ ಡಾಲರು’ ಎಂಬ ಹೆಸರಾಯಿತು. ತಾಜಾ ಹಣದ ಮೇಲೆ ನಿರ್ಬಂಧ ಹೇರಬಾರದೆಂದು ಕೇಂದ್ರ ಬ್ಯಾಂಕು 2020ರ ಏಪ್ರಿಲಿನಲ್ಲಿ ಸುತ್ತೋಲೆ ಹೊರಡಿಸಿತು. ಹಣದುಬ್ಬರ ಎಷ್ಟಿತ್ತೆಂದರೆ, ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡ 29ರ ಪ್ರಕಾರ ಅಲ್ಲಿನ ಕಂಪನಿಗಳು 2020ರಿಂದ ತಮ್ಮ ಲೆಕ್ಕಗಳನ್ನು ಹೊಸದಾಗಿ ಮೌಲ್ಯೀಕರಿಸಿ ಬರೆಯಬೇಕಾಯಿತು.

ಈ ವ್ಯತ್ಯಾಸದಿಂದಲೇ ಹೊರದೇಶದ ಗಿರಾಕಿಯ ಬೆಲೆ ತಿಳಿಯಿತು. ಸ್ವದೇಶದ ಅಂಗಡಿಯವನು ಕೊಡುವುದು ಬೆಳಗಿನಿಂದ ಸಂಜೆಯೊಳಗೆ ಸವಕಲಾಗುವ ಪೌಂಡು. ಹೊರಗಿನವನು ಕಳಿಸುವುದು ಎಳ್ಳು ಕೊಳ್ಳಲು, ಡೀಸೆಲ್ ಹಾಕಿಸಲು ಒದಗುವ ತಾಜಾ ಡಾಲರು. ಲಾಭದ ಆಸೆಗಿಂತ, ಮುಂದಿನ ಖಂಡಿಯ ಕಚ್ಚಾ ಸಾಮಗ್ರಿ ಕೊಳ್ಳುವ ಶಕ್ತಿಗಾಗಿ ಅವರು ರಫ್ತಿಗೆ ಜೋತುಬಿದ್ದರು. 2020ರ ಆಗಸ್ಟ್ 4ರಂದು ಬೈರೂತ್ ಬಂದರಿನ ಮಹಾಸ್ಫೋಟದಲ್ಲಿ 200ಕ್ಕೂ ಹೆಚ್ಚು ಜನ ಮಡಿದು, ದೇಶದ ಮುಖ್ಯ ಧಾನ್ಯ ಸಂಗ್ರಹಾಗಾರ ಹಾಳಾಯಿತು. ಕಂಟೇನರು ವಿಭಾಗ ಕೆಲವೇ ದಿನಗಳಲ್ಲಿ ಮತ್ತೆ ಕೆಲಸ ಆರಂಭಿಸಿತೆಂಬುದು ರಫ್ತುದಾರರ ಪಾಲಿಗೆ ಅಲ್ಪ ಸಮಾಧಾನ.

ಹೊರಗಿನ ಗಿರಾಕಿ ಕಷ್ಟಕಾಲದಲ್ಲಿ ಒಮ್ಮೆಲೇ ಸಿಗುವವನಲ್ಲ. ಶಾತೊ ಮುಸಾರ್ ಎಂಬ ದ್ರಾಕ್ಷಾರಸ ಸಂಸ್ಥೆಯ ಕಥೆ ಇದಕ್ಕೆ ನಿದರ್ಶನ. 1930ರಲ್ಲಿ ಗಸ್ತೊನ್ ಹೊಚಾರ್ ಸ್ಥಾಪಿಸಿದ ಈ ಸಂಸ್ಥೆಯ ತೋಟಗಳು ಬೆಕಾ ಕಣಿವೆಯಲ್ಲಿ. ಉಗ್ರಾಣವಿರುವುದು ಪರ್ವತದ ಈಚೆ, ಸಮುದ್ರದ ಕಡೆಯ ಗಜೀರ್ ಊರಿನಲ್ಲಿ. 1975ರಿಂದ 1990ರವರೆಗೆ ನಡೆದ ಅಂತರ್ಯುದ್ಧದಲ್ಲಿ ಸ್ವದೇಶದ ಪೇಟೆ ಮುರಿದುಬಿತ್ತು. ದ್ರಾಕ್ಷಿಯ ಲಾರಿಗಳು ಕಾದಾಡುವ ಪಂಗಡಗಳ ತಪಾಸಣಾ ಠಾಣೆಗಳನ್ನು ದಾಟಿ ಬರಬೇಕಿತ್ತು. 1976ರಲ್ಲಿ ದ್ರಾಕ್ಷಾರಸ ಮಾಡಲಾಗಲೇ ಇಲ್ಲ. 1984ರಲ್ಲಿ ಬಳಸುದಾರಿ ಹಿಡಿದ ದ್ರಾಕ್ಷಿ ಉಗ್ರಾಣ ಸೇರುವ ಮೊದಲೇ ಲಾರಿಯಲ್ಲಿ ಹುಳಿಯಲಾರಂಭಿಸಿತ್ತು. ಗಸ್ತೊನರ ಮಗ ಸರ್ಜ್ ಹೊಚಾರ್ ಈ ನಡುವೆ ತಮ್ಮ ಬಾಟಲಿಗಳೊಡನೆ ಇಂಗ್ಲೆಂಡಿಗೆ ಹೋದರು. 1979ರ ಬ್ರಿಸ್ಟಲ್ ದ್ರಾಕ್ಷಾರಸ ಮೇಳದಲ್ಲಿ ಪ್ರಸಿದ್ಧ ಪರೀಕ್ಷಕ ಮೈಕೆಲ್ ಬ್ರಾಡ್‌ಬೆಂಟ್ ಅದನ್ನು ಮೆಚ್ಚಿ ಬರೆದದ್ದೇ ತಿರುವಾಯಿತು. 1984ರಲ್ಲಿ ‘ಡಿಕ್ಯಾಂಟರ್’ ಪತ್ರಿಕೆ ತನ್ನ ಮೊದಲ ವಾರ್ಷಿಕ ಗೌರವವನ್ನು ಅವರಿಗೇ ನೀಡಿತು.

ದ್ರಾಕ್ಷಾರಸದ ಗುಣದೋಷಗಳನ್ನು ಹೇಳಲು ನಾನು ಅರ್ಹನಲ್ಲ. ಅದರ ರುಚಿಯೇ ನನಗೆ ತಿಳಿಯದು. ವ್ಯಾಪಾರದ ಅಂಶ ಮಾತ್ರ ತಿಳಿಯುತ್ತದೆ. ನಾಲ್ಕು ದಶಕಗಳ ನಂತರ ಬ್ಯಾಂಕುಗಳು ಮುಚ್ಚಿದಾಗ ಆ ಹೆಸರು ಹೊರದೇಶಗಳಲ್ಲಿ ಬೇರೂರಿಯಾಗಿತ್ತು. 2020ರಲ್ಲಿ ಹೊಸದಾಗಿ ಗಿರಾಕಿ ಹುಡುಕಲು ಹೊರಟವನಿಗೆ ಆ ಸೌಲಭ್ಯ ಇರಲಿಲ್ಲ.

ಗಿರಾಕಿ ಇದ್ದರೆ ಸಾಲದು, ಆತ ಒಂದೇ ಊರಿನವನಾಗಿರಬಾರದು ಎಂಬುದನ್ನು ಹಣ್ಣು-ತರಕಾರಿಯವರು ನೋವಿನಿಂದ ಕಲಿತರು. ಲೆಬನಾನಿನ ತಾಜಾ ಫಲಗಳು ಸಿರಿಯಾ, ಜೋರ್ಡಾನ್ ಮಾರ್ಗವಾಗಿ ಲಾರಿಗಳಲ್ಲಿ ಕೊಲ್ಲಿ ದೇಶಗಳಿಗೆ ಹೋಗುತ್ತಿದ್ದವು. 2015ರ ಏಪ್ರಿಲಿನಲ್ಲಿ ಸಿರಿಯಾ-ಜೋರ್ಡಾನ್ ನಡುವಿನ ನಸೀಬ್ ಗಡಿದ್ವಾರ ಮುಚ್ಚಿತು. ತೆರೆದದ್ದು 2018ರ ಅಕ್ಟೋಬರಿನಲ್ಲಿ. ಆ ಮೂರೂವರೆ ವರ್ಷ ಲಾರಿಗಳನ್ನೇ ಹಡಗಿಗೆ ಹತ್ತಿಸಿ ಕಳಿಸಬೇಕಾಯಿತು. ರಸ್ತೆ ತೆರೆದು ಮೂರು ವರ್ಷ ತುಂಬುವ ಮೊದಲೇ ಮತ್ತೊಂದು ಪೆಟ್ಟು. 2021ರ ಏಪ್ರಿಲಿನಲ್ಲಿ ಲೆಬನಾನಿನಿಂದ ಬಂದ ದಾಳಿಂಬೆಯೊಳಗೆ 50 ಲಕ್ಷಕ್ಕೂ ಅಧಿಕ ಕ್ಯಾಪ್ಟಗಾನ್ ಮಾದಕ ಗುಳಿಗೆಗಳು ಸೌದಿ ಅರೇಬಿಯಾದ ಜಿದ್ದಾ ಬಂದರಿನಲ್ಲಿ ಸಿಕ್ಕವು. ಸೌದಿ ಸರ್ಕಾರ ಲೆಬನಾನಿನ ಎಲ್ಲ ಹಣ್ಣು-ತರಕಾರಿಗಳನ್ನೂ ನಿಷೇಧಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ, ಯೆಮನ್ ಯುದ್ಧದ ಬಗ್ಗೆ ಲೆಬನಾನಿನ ವಾರ್ತಾ ಸಚಿವ ಜಾರ್ಜ್ ಕುರ್ದಾಹಿಯವರು ಆಡಿದ ಮಾತು ಪ್ರಸಾರವಾಗಿ, ನಿಷೇಧ ಎಲ್ಲ ಸರಕುಗಳಿಗೂ ವಿಸ್ತರಿಸಿತು. ಡಿಸೆಂಬರಿನಲ್ಲಿ ಸಚಿವರು ರಾಜೀನಾಮೆ ಕೊಟ್ಟರೂ ನಿಷೇಧ ಮುಂದುವರಿಯಿತು. ಕಳ್ಳಸಾಗಣೆ ಮಾಡಿದವರು ಯಾರೋ, ಮಾತಾಡಿದವರು ಯಾರೋ. ಸೌದಿಯೊಂದನ್ನೇ ನಂಬಿದ್ದ ತಯಾರಕ ತನ್ನದಲ್ಲದ ತಪ್ಪಿಗೆ ಬೆಲೆ ತೆತ್ತ. ಹತ್ತು ದೇಶಗಳಿಗೆ ಸ್ವಲ್ಪಸ್ವಲ್ಪವೇ ಕಳಿಸುತ್ತಿದ್ದವನು ನಷ್ಟಪಟ್ಟರೂ ಉಳಿದುಕೊಂಡ.

ಸರ್ಕಾರ ಹಾಗೂ ಉದ್ಯಮ ಸಂಘಗಳು ಶಕ್ತಿಯನ್ನು ಎಲ್ಲಿ ವಿನಿಯೋಗಿಸಬೇಕೆಂಬ ಪ್ರಶ್ನೆಯೂ ಇಲ್ಲಿ ಬರುತ್ತದೆ. 2008ರಲ್ಲಿ ಲೆಬನಾನಿನ ಕೈಗಾರಿಕೋದ್ಯಮಿಗಳ ಸಂಘದ ಅಧ್ಯಕ್ಷರಾಗಿದ್ದ ಫಾದಿ ಅಬ್ಬೂದ್ ಅವರು, ಹಮ್ಮಸ್ ತಮ್ಮ ದೇಶದ್ದು, ಇಸ್ರೇಲು ಅದನ್ನು ತನ್ನದೆಂದು ಮಾರುತ್ತಿದೆ ಎಂದು ಆಕ್ಷೇಪಿಸಿ, ಕಾನೂನು ಹೋರಾಟದ ಮಾತೆತ್ತಿದರು. ‘ಫೆಟಾ’ ಎಂಬ ಹೆಸರು ಗ್ರೀಸಿನ ಗಿಣ್ಣಿಗೆ ಮಾತ್ರ ಸಲ್ಲತಕ್ಕದ್ದೆಂದು ಐರೋಪ್ಯ ಒಕ್ಕೂಟ 2002ರಲ್ಲಿ ಮಾನ್ಯ ಮಾಡಿದ್ದು ಅವರಿಗೆ ಮಾದರಿ. 2010ರ ಮೇ ತಿಂಗಳಲ್ಲಿ ಲೆಬನಾನಿನ ಬಾಣಸಿಗರು 10,452 ಕಿಲೋ ತೂಕದ ಹಮ್ಮಸ್ ತಟ್ಟೆಯನ್ನು ಸಿದ್ಧಪಡಿಸಿ ಗಿನ್ನೆಸ್ ದಾಖಲೆ ಮಾಡಿದರು. ದೇಶದ ಚದರ ಕಿಲೋಮೀಟರುಗಳಷ್ಟೇ ಕಿಲೋಗಳು. ಅಭಿಮಾನದ ಸಂಗತಿಯೇ, ಅಲ್ಲವೆನ್ನಲಾರೆ.

ಆದರೆ ಅಮೆರಿಕದ ಅಂಗಡಿಗಳಲ್ಲಿ ಹಮ್ಮಸ್ ಪೇಟೆಯನ್ನು ಹಿಡಿದದ್ದು ಅಲ್ಲಿಯೇ ತಯಾರಾಗಿ ಶೀತಲ ಪೆಟ್ಟಿಗೆಯಲ್ಲಿ ಕೂರುವ ತಾಜಾ ಸರಕು. ಅದರಲ್ಲಿ ಮುಂಚೂಣಿಯಲ್ಲಿದ್ದ ‘ಸಬ್ರಾ’ 2008ರಿಂದ ಪೆಪ್ಸಿಕೋ ಮತ್ತು ಇಸ್ರೇಲಿನ ಸ್ಟ್ರಾಸ್ ಸಮೂಹದ ಜಂಟಿ ಉದ್ಯಮವಾಗಿತ್ತು. 2024ರ ಕೊನೆಯಲ್ಲಿ ಪೆಪ್ಸಿಕೋ ಉಳಿದರ್ಧವನ್ನೂ ಕೊಳ್ಳುವುದಾಗಿ ಪ್ರಕಟಿಸಿತು. ಬೈರೂತಿನಿಂದ ವಾರಗಟ್ಟಲೆ ಹಡಗಿನಲ್ಲಿ ಸಾಗುವವನು ಡಬ್ಬಿಯಲ್ಲಿ ಹಾಕಿ ಮುಚ್ಚಿದ ಹಮ್ಮಸನ್ನಷ್ಟೇ ಕಳಿಸಬಲ್ಲ. ಅದು ಬೇರೆ ಸಾಲಿನ ಕಪಾಟಿನಲ್ಲಿ, ಬೇರೆ ಬೆಲೆಗೆ ಕೂರುತ್ತದೆ. ಹೆಸರಿನ ವ್ಯಾಜ್ಯ ಗೆದ್ದಿದ್ದರೂ ಈ ಅಂತರ ತುಂಬುತ್ತಿರಲಿಲ್ಲ. ನಮ್ಮ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಗುರುತು ದೊರೆತ ಮಾತ್ರಕ್ಕೆ ಮಾರಾಟ ತಾನಾಗಿ ಏರುವುದಿಲ್ಲವೆಂಬುದು ಆ ವ್ಯಾಪಾರದ ಸದಸ್ಯರಿಗೆ ಚೆನ್ನಾಗಿ ಗೊತ್ತು.

ಇದಕ್ಕಿಂತ ಸದ್ದಿಲ್ಲದೆ ನಡೆದ ಕೆಲಸವೊಂದನ್ನು ನಾನು ಹೆಚ್ಚು ಮೆಚ್ಚುತ್ತೇನೆ. ತಹೀನಿಗೂ ಡಬ್ಬಿಯ ಹಮ್ಮಸ್‌ಗೂ ಅಂತರರಾಷ್ಟ್ರೀಯ ಆಹಾರ ಸಂಹಿತೆಯಾದ ಕೋಡೆಕ್ಸ್ 2007ರಲ್ಲಿ ಪಶ್ಚಿಮ ಏಷ್ಯಾ ಪ್ರಾದೇಶಿಕ ಮಾನದಂಡಗಳನ್ನು ನಿಗದಿಪಡಿಸಿತು. ಐರೋಪ್ಯ ಒಕ್ಕೂಟದೊಡನೆ ಲೆಬನಾನ್ 2002ರಲ್ಲಿ ಸಹಿ ಹಾಕಿದ ಸಹಯೋಗ ಒಪ್ಪಂದ 2006ರಲ್ಲಿ ಪೂರ್ಣವಾಗಿ ಜಾರಿಗೆ ಬಂದು, ಬಹುಪಾಲು ಸರಕಿಗೆ ಸುಂಕದ ಅಡ್ಡಿ ಕಡಿಮೆಯಾಯಿತು. ಅಡ್ಡಿ ಉಳಿದದ್ದು ಪ್ರಯೋಗಾಲಯದ ವರದಿಯಲ್ಲಿ. ಎಳ್ಳಿನಲ್ಲಿ ಸಾಲ್ಮೊನೆಲ್ಲಾ ಎಂಬ ಸೂಕ್ಷ್ಮಾಣು ಸೇರಿಕೊಂಡರೆ, ಜಿಡ್ಡು ಹೆಚ್ಚು ತೇವ ಕಡಿಮೆಯಿರುವ ತಹೀನಿಯಲ್ಲಿ ಅದು ತಿಂಗಳುಗಟ್ಟಲೆ ಬದುಕುತ್ತದೆ. ಅಮೆರಿಕದಲ್ಲಿ 2011ರ ಆಹಾರ ಸುರಕ್ಷತಾ ಕಾಯ್ದೆ ಬಂದ ಮೇಲೆ, ವಿದೇಶಿ ತಯಾರಕನ ಶುಚಿತ್ವವನ್ನು ಖಾತ್ರಿಪಡಿಸಿಕೊಳ್ಳುವ ಹೊಣೆ ಅಲ್ಲಿನ ಆಮದುದಾರನ ಮೇಲೆಯೇ ಬಿತ್ತು. 2023ರ ಜನವರಿ 1ರಿಂದ ಎಳ್ಳನ್ನು ಅಲರ್ಜಿಕಾರಕವೆಂದು ಲೇಬಲಿನಲ್ಲಿ ಕಾಣಿಸುವುದೂ ಅಲ್ಲಿ ಕಡ್ಡಾಯವಾಯಿತು. ಕಾಗದಪತ್ರ ಸರಿಯಿಲ್ಲದ ಮಾರಾಟಗಾರನನ್ನು ಆಮದುದಾರ ಬಿಟ್ಟುಬಿಡುತ್ತಾನೆ. ನಾಣ್ಯ ಎಷ್ಟು ಇಳಿದಿದ್ದರೂ.

ಎಳ್ಳಿನ ವಿಷಯದಲ್ಲಿ ನಮಗೂ ನೇರ ಅನುಭವವಿದೆ. 2020ರ ಸೆಪ್ಟೆಂಬರಿನಲ್ಲಿ ಭಾರತದ ಎಳ್ಳಿನಲ್ಲಿ ಎಥಿಲೀನ್ ಆಕ್ಸೈಡಿನ ಅಂಶ ಇರುವುದನ್ನು ಬೆಲ್ಜಿಯಂ ವರದಿ ಮಾಡಿತು. ಸೂಕ್ಷ್ಮಾಣುಗಳನ್ನು ಕೊಲ್ಲಲು ಬಳಸುವ ಈ ಅನಿಲಕ್ಕೆ ಯೂರೋಪಿನಲ್ಲಿ ಅನುಮತಿಯಿಲ್ಲ. ಎಳ್ಳು ಸೇರಿದ ನಾನಾ ತಿನಿಸುಗಳನ್ನು ಅಂಗಡಿಗಳಿಂದ ಹಿಂಪಡೆಯಲಾಯಿತು. ಅಕ್ಟೋಬರಿನಲ್ಲಿ, ಭಾರತದ ಎಳ್ಳಿನ ರವಾನೆಗಳಲ್ಲಿ ಅರ್ಧದಷ್ಟನ್ನು ಗಡಿಯಲ್ಲೇ ಪರೀಕ್ಷಿಸುವ ನಿಯಮ ಬಂದಿತು. ಒಂದು ದೋಷಕ್ಕೆ ಹೆದರಿ ಮಾಡಿದ ಪರಿಹಾರವೇ ಮತ್ತೊಂದು ದೋಷವಾದ ಪ್ರಸಂಗವಿದು.

ಲೆಬನಾನಿನ ತಯಾರಕರಿಗೆ ತೊಂದರೆ ಮುಗಿದಿಲ್ಲ. 2024ರ ಸೆಪ್ಟೆಂಬರಿನಿಂದ ನವೆಂಬರಿನವರೆಗಿನ ತೀವ್ರ ಯುದ್ಧದಲ್ಲಿ ದಕ್ಷಿಣದ ಆಲಿವ್ ತೋಟಗಳು ಹಾನಿಗೊಂಡವು. ಅದೇ ಅಕ್ಟೋಬರಿನಲ್ಲಿ ಅಂತರರಾಷ್ಟ್ರೀಯ ಹಣಕಾಸು ಕಾರ್ಯಪಡೆ ಲೆಬನಾನನ್ನು ‘ಬೂದು ಪಟ್ಟಿ’ಗೆ ಸೇರಿಸಿತು, 2025ರ ಜೂನಿನಲ್ಲಿ ಐರೋಪ್ಯ ಆಯೋಗವೂ ಹೆಚ್ಚು ಅಪಾಯದ ದೇಶಗಳ ಪಟ್ಟಿಗೆ ಅದನ್ನು ಸೇರಿಸಿತು. ಇಂಥ ಪಟ್ಟಿಯಲ್ಲಿರುವ ದೇಶದೊಡನೆ ಹಣ ವಿನಿಮಯ ಮಾಡುವಾಗ ಬ್ಯಾಂಕುಗಳು ಪ್ರತಿ ಪಾವತಿಗೂ ಹೆಚ್ಚಿನ ದಾಖಲೆ ಕೇಳುತ್ತವೆ, ಹಣ ತಡವಾಗುತ್ತದೆ. ದುಡಿಯುವ ಬಂಡವಾಳ ಕಡಿಮೆಯಿರುವ ಸಣ್ಣ ತಯಾರಕನಿಗೆ ಒಂದು ತಿಂಗಳ ತಡವೆಂದರೆ ಒಂದು ಖಂಡಿ ಎಳ್ಳು ಕೈತಪ್ಪಿದಂತೆ.

ನಮ್ಮಲ್ಲಿ ಬ್ಯಾಂಕು ಮುಚ್ಚುವ ಭಯವಿಲ್ಲ. ಆ ಹೋಲಿಕೆಯನ್ನು ನಾನು ಎಳೆದು ತರುವುದಿಲ್ಲ. ಆದರೆ ನನ್ನ ಕಕ್ಷಿದಾರರೊಬ್ಬರು ಕೆಲವು ವರ್ಷಗಳ ಹಿಂದೆ ರೂಪಾಯಿ ಇಳಿದಾಗ ಉತ್ಸಾಹದಿಂದ ಕೊಲ್ಲಿಯ ಒಬ್ಬನೇ ಖರೀದಿದಾರನಿಗೆ ಆರು ಕಂಟೇನರು ಮಾಲು ಉದ್ದರಿಯ ಮೇಲೆ ಕಳಿಸಿದರು. ಇ.ಸಿ.ಜಿ.ಸಿ. ವಿಮೆ ಮಾಡಿಸಿರಲಿಲ್ಲ, ವಿನಿಮಯ ದರದ ಮುಂಗಡ ಒಪ್ಪಂದವೂ ಇರಲಿಲ್ಲ. ಎರಡು ಕಂಟೇನರಿನ ಹಣ ಇಂದಿಗೂ ಬಂದಿಲ್ಲ. ಆ ವರ್ಷದ ಲಾಭ-ನಷ್ಟ ತಃಖ್ತೆಯಲ್ಲಿ ‘ವಿನಿಮಯ ಲಾಭ’ವೆಂದು ಸೊಗಸಾದ ಅಂಕಿಯೊಂದನ್ನು ನಾನೇ ಕಾಣಿಸಿದ್ದೆ, ಮರುವರ್ಷ ಅದಕ್ಕಿಂತ ದೊಡ್ಡ ಅಂಕಿಯನ್ನು ‘ಬಾರದ ಸಾಲ’ವೆಂದು ಬರೆದೆ.

ಸಭಾಂಗಣದಲ್ಲಿ ಪ್ರಶ್ನೆ ಕೇಳಿದ ಸದಸ್ಯರಿಗೆ ನಾನು ಅಂದು ಹೇಳಿದ್ದು ಇಷ್ಟೇ: “ಒಂದು ಬಾಟಲಿ ಉಪ್ಪಿನಕಾಯಿಯ ವೆಚ್ಚವನ್ನು ಬಾಬುವಾರು ಬರೆಯಿರಿ. ಡಾಲರು ಏರಿದರೆ ಯಾವುದು ತಾನೂ ಏರುತ್ತದೆಯೋ ಅದರ ಮುಂದೆ ಗುರುತು ಹಾಕಿ ತನ್ನಿ.” ಹತ್ತು ದಿನಗಳ ನಂತರ ಅವರು ಎರಡು ಹಾಳೆ ತಂದರು. ಮಾವಿನಕಾಯಿ, ಮೆಣಸಿನಕಾಯಿ, ಉಪ್ಪು, ಕೂಲಿಗಳಿಗೆ ಗುರುತಿರಲಿಲ್ಲ. ಎಣ್ಣೆ, ಪ್ಲಾಸ್ಟಿಕ್ ಬಾಟಲಿ, ಮುಚ್ಚಳ, ಮೊಹರಿನ ಹಾಳೆ, ಲಾರಿಯ ಡೀಸೆಲ್, ಹಡಗಿನ ಬಾಡಿಗೆ ಇವೆಲ್ಲಕ್ಕೂ ಕೆಂಪು ಶಾಯಿಯಲ್ಲಿ ಗುರುತು ಬಿದ್ದಿತ್ತು. ಒಟ್ಟು ಹಾಕಿದಾಗ ವೆಚ್ಚದ ಅರ್ಧಕ್ಕಿಂತ ಹೆಚ್ಚು ಕೆಂಪಾಗಿತ್ತು. ಅವರು ಸ್ವಲ್ಪ ಹೊತ್ತು ಹಾಳೆಯನ್ನೇ ನೋಡುತ್ತ ಕುಳಿತು, ರಫ್ತಿನ ದರಪಟ್ಟಿಯನ್ನು ಮತ್ತೊಮ್ಮೆ ಬರೆದು ತರುವುದಾಗಿ ಹೇಳಿ ಹೋದರು.